ರಾಯಗೋಪುರ ಸಿನಿಮಾ ಸೆಟ್ ಅಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರ ತಂಗಿ ಮಗನನ್ನು ಕರೆದುಕೊಂಡು ಮೇಲುಕೋಟೆಗೆ ಹೋಗಿದ್ದೆ. ಮೈಸೂರಿನಿಂದ 50 ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೂ ಆರಾಮಾಗಿ ತಲುಪಬಹುದು. ಹುಡುಗ ಬೆಳೆದಿದ್ದೆಲ್ಲ ಪುಣೆಯಲ್ಲಿ. ರಾಯಗೋಪುರದ ಕಂಬಗಳ ನಡುವೆ ನಿಂತು, ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದ. ಪಕ್ಕದಲ್ಲೇ ರೀಲ್ಸ್ ಮಾಡುತ್ತಿದ್ದ ಒಂದು ಗುಂಪಿತ್ತು. ಅದರಲ್ಲೊಬ್ಬ, 'ಗುರು, ಇದು ಸೆಟ್ಟಾ ಒರಿಜಿನಲ್ಲಾ?' ಅಂದ. ಇನ್ನೊಬ್ಬ ಕಂಬಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, 'ಒರಿಜಿನಲ್ ಕಣೋ, ಟೊಳ್ಳಿಲ್ಲ' ಅಂತ ತೀರ್ಪು ಕೊಟ್ಟ!

ನಗು ಬಂತು. ಆಮೇಲೆ ಬೇಜಾರೂ ಆಯಿತು. ತಪ್ಪು ಆ ಹುಡುಗರದ್ದಲ್ಲ. ಎಷ್ಟೋ ಸಿನಿಮಾ ಹಾಡುಗಳಲ್ಲಿ ಈ ಕಂಬಗಳನ್ನು ನೋಡಿದವರು ಮತ್ತೇನು ಕೇಳುತ್ತಾರೆ? ಇದು ಕಟ್ಟಲು ಶುರು ಮಾಡಿ ಮುಗಿಸದೇ ಬಿಟ್ಟ ಗೋಪುರ ಅಂತ ತಿಳಿಸುವ ಒಂದೇ ಒಂದು ಕನ್ನಡ ಬೋರ್ಡ್ ಅವತ್ತು ನನ್ನ ಕಣ್ಣಿಗಂತೂ ಬೀಳಲಿಲ್ಲ. ಕಣ್ಣಿಗೆ ಬಿದ್ದಿದ್ದು ಕಲ್ಲಿನ ಮೇಲೆ ಯಾರೋ ಗೀಚಿದ ಎರಡು ಹೆಸರು, ನಡುವೆ ಒಂದು ಹೃದಯ, ಅದಕ್ಕೊಂದು ಬಾಣ.

ಊರಲ್ಲಿ ಹೇಳುವುದಕ್ಕೆ ಕಥೆಗೆ ಬರವೇ? ರಾಮಾನುಜಾಚಾರ್ಯರು ಸುಮಾರು 12 ವರ್ಷ ಇದ್ದ ಜಾಗ ಇದು. ಇಲ್ಲಿನ ದೇವರು ಚೆಲುವನಾರಾಯಣನ ಉತ್ಸವಮೂರ್ತಿಯನ್ನು ಅವರು ದೆಹಲಿಯಿಂದ ವಾಪಸ್ ತಂದರು, ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳು ಅಂತ ಕಥೆ. ಬೀಬಿ ನಾಚ್ಚಿಯಾರ್ ಅಂತ ಇವತ್ತಿಗೂ ದೇವರ ಪಾದದ ಬಳಿ ಆಕೆಗೆ ಪೂಜೆ ನಡೆಯುತ್ತದೆ. ಮೂರ್ತಿ ತರುವ ಕೆಲಸದಲ್ಲಿ ನೆರವಾದ ದಲಿತರನ್ನು ರಾಮಾನುಜರು ತಿರುಕುಲತ್ತಾರ್, ಅಂದರೆ ಶ್ರೇಷ್ಠ ಕುಲದವರು ಎಂದು ಕರೆದು, ಆ ಕಾಲದಲ್ಲೇ ದೇವಸ್ಥಾನದೊಳಗೆ ಬಿಟ್ಟುಕೊಂಡರು ಅನ್ನುತ್ತಾರೆ. ಇದನ್ನೆಲ್ಲ ನಾನು ಮೆಟ್ಟಿಲ ಮೇಲೆ ಕೂತು ಹೇಳಿದಾಗ ಹುಡುಗ ಮೊಬೈಲ್ ಜೇಬಿಗಿಟ್ಟು ಕೇಳಿದ. ಹೇಳುವವರಿದ್ದರೆ ಕೇಳುತ್ತಾರೆ, ಅಲ್ವಾ?

ಜಾಸ್ತಿ ಜನರ ಪ್ರವಾಸ ಹೇಗಿರುತ್ತದೆ ಅಂದರೆ, ಉಸಿರುಗಟ್ಟಿಕೊಂಡು ಯೋಗಾನರಸಿಂಹನ ಬೆಟ್ಟ ಹತ್ತುವುದು, ಇಳಿದು ಪುಳಿಯೋಗರೆ, ಸಕ್ಕರೆ ಪೊಂಗಲ್ ತಿನ್ನುವುದು, ಕಲ್ಯಾಣಿ ಮುಂದೆ ಒಂದು ಫೋಟೋ, ಆಮೇಲೆ ಸೀದಾ ಕಾರು. ಪುಳಿಯೋಗರೆ ಬಗ್ಗೆ ನನ್ನ ತಕರಾರಿಲ್ಲ, ನಾನೂ ಎರಡು ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಆದರೆ 1905ರಲ್ಲಿ ಕವಿ ಪುತಿನ ಹುಟ್ಟಿದ ಊರು ಇದೇ, ಅವರ ಮನೆ ಈಗಲೂ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಸುತ್ತಲಿನ ಕಾಡು ತೋಳಗಳಿಗಾಗಿ ಮಾಡಿದ ವನ್ಯಧಾಮ ಅನ್ನೋದು?

ಅಕ್ಕ ತಂಗಿ ಕೊಳದ ಹತ್ತಿರ ಬಿಂದಿಗೆ ಹಿಡಿದಿದ್ದ ಒಬ್ಬ ಅಜ್ಜಿ ಸಿಕ್ಕರು. ಪಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ಕುಡಿಯುತ್ತಾರೆ, ಇನ್ನೊಂದರದ್ದು ಮುಟ್ಟುವುದಿಲ್ಲ. ಯಾಕಜ್ಜಿ ಅಂದೆ. ಬಿಂದಿಗೆ ಸೊಂಟದಿಂದ ಇಳಿಸಿ ಕಟ್ಟೆ ಮೇಲಿಟ್ಟು, ಕಟ್ಟಿಸಿದ ಅಕ್ಕ ತಂಗಿಯರ ಗುಣ ಹೇಗೆ ನೀರಿಗೆ ಬಂತು ಅಂತ ತಮ್ಮ ಓರಗಿತ್ತಿಯ ವಿಷಯ ಹೇಳಿದಷ್ಟೇ ಖಾರವಾಗಿ ಹೇಳಿದರು. ಐದು ನಿಮಿಷ ಹಿಡಿಯಿತು. ಯಾವ ಗೈಡೂ ಅಷ್ಟು ಚೆನ್ನಾಗಿ ಹೇಳಲಾರ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಚಿಕ್ಕದು. ಹೊಸ ಕಮಾನು, ಟೈಲ್ಸು, ಬಣ್ಣದ ಕಾರಂಜಿ ಏನೂ ಬೇಡ. ಮಂಡ್ಯದ ಖಜಾನೆಯಿಂದ ದೇವರ ವಜ್ರದ ಕಿರೀಟ ವೈರಮುಡಿ ಮೆರವಣಿಗೆಯಲ್ಲಿ ಬರುವ ದಿನ ಊರು ಹಿಡಿಸದಷ್ಟು ಜನ ಸೇರುತ್ತಾರೆ. ಮುಂದಿನ ಉತ್ಸವದೊಳಗೆ ಮುಖ್ಯವಾದ ಕಡೆಗಳಲ್ಲಿ ಕನ್ನಡದಲ್ಲಿ, ಮಕ್ಕಳಿಗೂ ಅರ್ಥವಾಗುವಂತೆ, ನಾಲ್ಕು ಸಾಲಿನ ಬೋರ್ಡ್ ಹಾಕಿಸಿ. ಅಜ್ಜಿ ಹೇಳಿದ ಕಥೆಯನ್ನೂ ಬರೆಸಿ. ಹಾಗಂತ ರಾಯಗೋಪುರದ ಕಂಬಕ್ಕೇ ಮೊಳೆ ಹೊಡೆದು ನೇತುಹಾಕಬೇಡಿ, ಸ್ವಲ್ಪ ದೂರದಲ್ಲಿ ನಿಲ್ಲಿಸಿ.

– ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು