ಚಕ್ಕುಲಿಗೆ ಚಳಿಯಾಗಿತ್ತು

ಪುಟ್ಟೀ,

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರು ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾವು ಚಕ್ಕುಲಿ ಚೆನ್ನಾಗಿದ್ದಾಳೆ. ಮೊದಲು ಇಷ್ಟು ಓದಿಕೊಂಡು ಬಿಡು.

ನೀನು ಕಾಲೇಜಿಗೆ ಹೋದ ಮೇಲೆ ನಾವಿಬ್ಬರೇ ತಾನೇ ಎಂದು ರಾತ್ರಿ ಹೊತ್ತು ಮನೆಯ ಹೀಟಿಂಗ್ 64 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸುತ್ತಿದ್ದೆ. ಮಿನಿಯಾಪೊಲಿಸ್‌ನ ಜನವರಿ, ಗ್ಯಾಸ್ ಬಿಲ್ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ಲ. ನಮಗೇನು, ರಜಾಯಿ ಹೊದ್ದುಕೊಂಡರೆ ಆಯಿತು. ಚಕ್ಕುಲಿಯ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಕೆಳಗೆ ಬಿಸಿ ಕೊಡುವ ಹೀಟ್ ಮ್ಯಾಟ್ ಇದೆ, ಥರ್ಮೋಸ್ಟಾಟ್ 90 ತೋರಿಸುತ್ತಿದೆ, ಇನ್ನೇನು ಬೇಕು ಅಂದುಕೊಂಡೆ.

ಎರಡು ವಾರ ಇಲಿ ಮುಟ್ಟಲಿಲ್ಲ. ಇವಳ ಜಾತಿಯ ಹೆಬ್ಬಾವುಗಳು, ಬಾಲ್ ಪೈಥಾನ್‌ಗಳು, ಆಗಾಗ ಉಪವಾಸ ಮಾಡುವುದು ಮಾಮೂಲು ಅಂತ ನೀನೇ ಹೇಳಿದ್ದೆ, ಸುಮ್ಮನಾದೆ. ಆದರೆ ಮ್ಯಾಟ್ ಇರುವ ಮೂಲೆ ಬಿಟ್ಟು ಅವಳು ಕದಲುತ್ತಲೇ ಇರಲಿಲ್ಲ. ಹಗಲೂ ಅಲ್ಲೇ, ರಾತ್ರಿಯೂ ಅಲ್ಲೇ. ಅನುಮಾನ ಬಂದು ಇನ್ನೊಂದು ತುದಿಯಲ್ಲಿ ಥರ್ಮಾಮೀಟರ್ ಇಟ್ಟೆ. ಬೆಳಿಗ್ಗೆ ಐದಕ್ಕೆ ನೋಡಿದರೆ 67! ತಂಪಿನ ಕಡೆ ಕೂಡ 76ಕ್ಕಿಂತ ಇಳಿಯಬಾರದು ಅಂತ ನೀನು ಫ್ರಿಜ್ ಮೇಲೆ ಚೀಟಿ ಅಂಟಿಸಿ ಹೋಗಿದ್ದೀಯ. ನಾನು ಅದರ ಮೊದಲ ಸಾಲು ಮಾತ್ರ ಓದಿದ್ದೆ. ತಪ್ಪು ನನ್ನದೇ.

ಮ್ಯಾಟ್ ನೆಲವನ್ನು ಕಾಯಿಸುತ್ತದೆ, ಗಾಳಿಯನ್ನಲ್ಲ. ಒಲೆ ಮುಂದೆ ಕೂತವನ ಬೆನ್ನಿಗೆ ಚಳಿ ಹೊಡೆಯುತ್ತದಲ್ಲ, ಹಾಗೆ. ಮೇಲೆ ಜಾಲರಿ ಮುಚ್ಚಳ ಬೇರೆ, ಇದ್ದ ಬಿಸಿಯೂ ಅಲ್ಲಿಂದಲೇ ಹೊರಟುಹೋಗುತ್ತಿತ್ತು.

ಗಾಬರಿಯಲ್ಲಿ ಮ್ಯಾಟನ್ನೇ 100ಕ್ಕೆ ಏರಿಸಲು ಹೋದೆ. ಅಮ್ಮ ಕೈ ಹಿಡಿದಳು. "ತೀರ್ಥಹಳ್ಳಿ ಮನೆ ಹಿಂದಿನ ಕಲ್ಲುಕಟ್ಟೆ ಮೇಲೆ ಚಳಿಗಾಲದ ಬೆಳಿಗ್ಗೆ ಕೇರೆಹಾವು ಬಂದು ಬಿಸಿಲು ಕಾಯಿಸ್ತಿತ್ತು. ಕಲ್ಲು ಸುಡೋಕೆ ಶುರುವಾದ್ರೆ ಸಂದಿಗೆ ಹೋಗ್ತಿತ್ತು. ಇವಳು ಎಲ್ಲಿಗೆ ಹೋಗ್ಬೇಕು?" ಅಂದಳು. ಐದು ವರ್ಷದ ಹಿಂದೆ ಇದೇ ಅಮ್ಮ, ಹಾವು ಒಳಗೆ ಬಂದರೆ ನಾನು ಹೊರಗೆ ಅಂದಿದ್ದು ಜ್ಞಾಪಕ ಇದೆಯಾ? ಅವಳು ಹೇಳಿದ್ದು ಸರಿ. ತಂಪಿನ ಕಡೆ ಹೋಗುವ ಹಾಗೆ ಇಲ್ಲದಿದ್ದರೆ ಹಾವು ಬಿಸಿ ನೆಲದ ಮೇಲೇ ಕೂತು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಅವತ್ತೇ ಹೋಗಿ ಸೆರಾಮಿಕ್ ಹೀಟ್ ಬಲ್ಬ್ ತಂದೆ. ಬೆಳಕೇ ಇಲ್ಲ, ಬರೀ ಶಾಖ, ರಾತ್ರಿಯಿಡೀ ಉರಿದರೂ ಅವಳ ನಿದ್ದೆಗೆ ತೊಂದರೆ ಇಲ್ಲ. ಅದಕ್ಕೆ ಬೇರೆಯದೇ ಥರ್ಮೋಸ್ಟಾಟ್. ಬಲ್ಬಿಗೂ ಗಾಳಿಗೂ ಜಾಗ ಬಿಟ್ಟು ಉಳಿದ ಜಾಲರಿಗೆ ಅಡುಗೆಮನೆಯ ಫಾಯಿಲ್ ಮುಚ್ಚಿದೆ. ಹಿಂದೆ, ಎರಡೂ ಪಕ್ಕಕ್ಕೆ ಥರ್ಮೋಕೋಲ್. ಅಮ್ಮ ಅದರ ಹಿಂದೆ ಊರಿನ ಕಂಬಳಿಯನ್ನೂ ನಿಲ್ಲಿಸಿದ್ದಾಳೆ. ಬಲ್ಬಿನಿಂದ ದೂರ ಇದೆ, ಹೆದರಬೇಡ. ಈಗ ಒಂದು ಕಡೆ 90, ಇನ್ನೊಂದು ಕಡೆ 78. ಮನೆ 68. ಬಿಲ್ ಬಂದಾಗ ನೋಡಿಕೊಳ್ಳೋಣ.

ಮೂರನೇ ದಿನ ರಾತ್ರಿ ನೀರು ಕುಡಿಯಲು ಎದ್ದವನು ಟಾರ್ಚ್ ಹಾಕಿದೆ. ಚಕ್ಕುಲಿ ತಂಪಿನ ಕಡೆಯ ತೊಗಟೆ ಮೇಲೆ ಗಲ್ಲ ಊರಿಕೊಂಡು ನಾಲಿಗೆ ಆಡಿಸುತ್ತಿದ್ದಳು. ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಉಸಿರಾಟದಲ್ಲಿ ಸದ್ದಿಲ್ಲ, ಬಾಯಲ್ಲಿ ಮೂಗಲ್ಲಿ ಗುಳ್ಳೆ ಇಲ್ಲ, ಎರಡು ಸಲ ನೋಡಿದೆ. ಚಳಿಗೆ ಇವಕ್ಕೆ ಶ್ವಾಸಕೋಶದ ಸೋಂಕು ಬರುತ್ತದಂತಲ್ಲ.

ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿದೆ. "ಹಾವಿಗೂ ಹೀಟರ್ರಾ?" ಅಂತ ನಕ್ಕರು. ನಮ್ಮ ಕಡೆಯ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು, ಮೈ ನಡುಗಿಸಿ ನಡುಗಿಸಿ ಬಿಸಿ ಹುಟ್ಟಿಸಿ ಕಾವು ಕೊಡುತ್ತದೆ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಬಾಣಂತಿ" ಅಂದರು.

ಮೈ ತಣ್ಣಗಿರುವಾಗ ತಿಂದರೆ ಅರಗದೆ ಕಕ್ಕಿಬಿಡುತ್ತಾಳೆ ಅಂತ ಇಲಿ ಕೊಡುವುದನ್ನು ಒಂದು ವಾರ ಮುಂದೆ ಹಾಕಿದೆ. ನಿನ್ನೆ ಶನಿವಾರ ಫ್ರೀಜರ್‌ನಿಂದ ತೆಗೆದು ಕರಗಿಸಿ, ಬಿಸಿನೀರಲ್ಲಿ ಅದ್ದಿ ಕೊಟ್ಟೆ. ಅವಳ ತುಟಿಯ ಕುಳಿಗಳಿಗೆ ಆ ಬಿಸಿಯೇ ಗುರುತು ತಾನೇ. ಒಂದೇ ಏಟಿಗೆ ಹಿಡಿದಳು!

ಆ ಬಿಸಿನೀರು ಯಾವ ಪಾತ್ರೆಯಲ್ಲಿತ್ತು ಅಂತ ಅಮ್ಮ ಕೇಳಿದರೆ, ನಿನಗೆ ಗೊತ್ತಿಲ್ಲ.

ಅಪ್ಪ