ಭಾನುವಾರದ ಪ್ರಯೋಗಕ್ಕೆ ಏನೇನು ತರಬೇಕು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಮಕ್ಕಳ ಜೊತೆ ಕರೆಂಟ್ ಮತ್ತು ಅಯಸ್ಕಾಂತದ ಪ್ರಯೋಗ ಮಾಡೋಣ. ದಿಕ್ಸೂಚಿ, ಟಾರ್ಚ್ ಸೆಲ್, ಒಂದು ಮಾರು ತಾಮ್ರದ ತಂತಿ ಇದ್ದವರು ದಯವಿಟ್ಟು ತನ್ನಿ.

1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಓರ್‌ಸ್ಟೆಡ್ ಎಂಬ ವಿಜ್ಞಾನಿ ಕಂಡಿದ್ದನ್ನೇ ನಾವೂ ನೋಡುವುದು. ತಂತಿಯನ್ನು ದಿಕ್ಸೂಚಿಯ ಮುಳ್ಳಿನ ಮೇಲೆ ಉತ್ತರ-ದಕ್ಷಿಣವಾಗಿ ಹಿಡಿದು ಸೆಲ್‌ಗೆ ತಾಗಿಸಿದರೆ ಮುಳ್ಳು ಪಕ್ಕಕ್ಕೆ ತಿರುಗುತ್ತದೆ. ಸೆಲ್ ಉಲ್ಟಾ ಹಿಡಿದರೆ ಇನ್ನೊಂದು ಕಡೆಗೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

1831ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಫ್ಯಾರಡೆ ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ಕರೆಂಟ್ ಹುಟ್ಟಿಸಿದರು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಕಲಿತವರು. ಇದನ್ನು ಮಕ್ಕಳಿಗೆ ಹೇಳಲೇಬೇಕು, ಅಲ್ವಾ?

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರು ತಿರುಗಿಸಿದ ಜನರೇಟರ್‌ಗಳೂ ಇದೇ ತತ್ವದವು. ಆದರೆ ಆ ಕರೆಂಟ್ ಮೊದಲು ಹೋಗಿದ್ದು ಮನೆಗಳಿಗಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎನ್ನುವ ಮಾತನ್ನು ದೊಡ್ಡ ಮಕ್ಕಳ ಜೊತೆ ನಿಧಾನವಾಗಿ ಆಡೋಣ. ಮೊಬೈಲ್, ಇಂಟರ್ನೆಟ್ ವಿಷಯದಲ್ಲೂ ಅದೇ ಪ್ರಶ್ನೆ ಇದೆ. ಮನೆಯ ಹಿರಿಯರನ್ನೂ ಕರೆತನ್ನಿ. ಒರಳಲ್ಲಿ ರುಬ್ಬುತ್ತಿದ್ದ ಕಾಲ, ಮಿಕ್ಸಿ ಬಂದ ದಿನ, ಎರಡನ್ನೂ ಕಂಡವರು ಅವರು.

ಒಂದು ಎಚ್ಚರಿಕೆ: ತಂತಿಯನ್ನು ಸೆಲ್‌ಗೆ ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ತಾಗಿಸಬೇಡಿ, ಬಿಸಿಯಾಗುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಯಾವ ಕಾರಣಕ್ಕೂ ಬೇಡ. ಮೊಬೈಲನ್ನು ದಿಕ್ಸೂಚಿಯಿಂದ ದೂರ ಇಡಿ. ಅದರ ಸ್ಪೀಕರ್‌ನಲ್ಲೂ ಅಯಸ್ಕಾಂತ ಇದೆ.