ದತ್ತಿ ಉಪನ್ಯಾಸ: ಹಾರ-ಶಾಲಿಗೆ ಬಡ್ಡಿ, ಮಾತಿಗೆ ಅರ್ಧ ತಾಸು

ಮಾನ್ಯ ಸಂಪಾದಕರೆ,

ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಭಾಷೆ, ಇತಿಹಾಸ, ತತ್ವಶಾಸ್ತ್ರ ವಿಭಾಗಗಳಲ್ಲಿ ದತ್ತಿ ಉಪನ್ಯಾಸಗಳ, ಅಂದರೆ ದಾನಿಗಳು ಇಟ್ಟ ಠೇವಣಿಯ ಬಡ್ಡಿಯಲ್ಲಿ ನಡೆಯುವ ಉಪನ್ಯಾಸಗಳ ಸುಗ್ಗಿ. ವರ್ಷವಿಡೀ ಸುಮ್ಮನಿದ್ದ ದತ್ತಿಗಳೆಲ್ಲ 31ನೇ ತಾರೀಖಿನೊಳಗೆ ಲೆಕ್ಕ ಕೊಡಬೇಕು. ಹೀಗಾಗಿ ಒಂದೇ ವಾರಕ್ಕೆ ಮೂರು, ಒಂದೇ ವೇದಿಕೆಯ ಮೇಲೆ ಎರಡು. ಸಭಾಂಗಣವೇನೋ ತುಂಬಿರುತ್ತದೆ, ಹಾಜರಿ ಹೋದೀತೆಂಬ ಅಂಜಿಕೆಗೆ ಬಂದ ಎಂ.ಎ. ವಿದ್ಯಾರ್ಥಿಗಳಿಂದ. ದತ್ತಿ ಇಟ್ಟವರ ಮನಸ್ಸಿನಲ್ಲಿದ್ದ ಕೇಳುಗರು, ಅಂದರೆ ಊರಿನ ಶಾಲಾ ಮಾಸ್ತರರು, ವಕೀಲರು, ಅಂಗಡಿಕಾರರು, ನಿವೃತ್ತರು, ಹೆಣ್ಣುಮಕ್ಕಳು ಅಲ್ಲಿರುವುದಿಲ್ಲ.

'ಈಗ ಕೇಳುವವರೇ ಇಲ್ಲ' ಎಂಬ ಸಬೂಬು ಧಾರವಾಡದಂಥ ಊರಿನಲ್ಲಿ ನಡೆಯದು. ಶ್ರಾವಣದಲ್ಲಿ ತಿಂಗಳುಗಟ್ಟಲೆ ಮಠಗಳಲ್ಲಿ ಕೂತು ಪುರಾಣ ಕೇಳುವವರು ಇದೇ ಜನ. ಗದಗಿನ ತೋಂಟದಾರ್ಯ ಮಠದ ಶಿವಾನುಭವ ದಶಕಗಳಿಂದ ವಾರ ತಪ್ಪದೆ ನಡೆದು ಬಂದಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಸಂಜೆ ಹೊತ್ತು ನಡೆದುಕೊಂಡೇ ಬಂದು ಕೂಡುವವರಿದ್ದಾರೆ. ಅಲ್ಲೆಲ್ಲ ಜಾಗ ಊರೊಳಗೆ, ಹೊತ್ತು ಕೆಲಸ ಮುಗಿದ ಮೇಲೆ. ವಿಶ್ವವಿದ್ಯಾಲಯಗಳೋ ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ, ಗದಗಿನ ನಾಗಾವಿಯಲ್ಲಿ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ. ಅಲ್ಲಿ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ ಇಟ್ಟು ಸಾರ್ವಜನಿಕರಿಗೆ ಆದರದ ಸ್ವಾಗತ ಎಂದು ಅಚ್ಚು ಹಾಕಿಸಿದರೆ ಯಾರು ಬಂದಾರು?

ಹೊತ್ತಿನ ಲೆಕ್ಕ ನೋಡಿ. ಆಮಂತ್ರಣ ಪತ್ರಿಕೆಯಲ್ಲಿ 10.30 ಎಂದಿರುತ್ತದೆ, ಅತಿಥಿಗಳು ಬಂದು ಶುರುವಾಗುವುದು 11ಕ್ಕೆ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಸಸಿಗೆ ನೀರು, ದತ್ತಿದಾನಿಗಳ ಪರಿಚಯ, ಉಪನ್ಯಾಸಕರ ಪರಿಚಯ, ಸನ್ಮಾನ, ಉದ್ಘಾಟನೆಯ ಮಾತು, ಮುಖ್ಯ ಅತಿಥಿಗಳ ಮಾತು. ಒಂಬತ್ತು ಬಾಬ್ತು; ಒಂದಕ್ಕೆ ಏಳೇ ನಿಮಿಷವೆಂದರೂ 63 ನಿಮಿಷ. ಉಪನ್ಯಾಸಕರ ಕೈಗೆ ಮೈಕು ಬರುವಾಗ ಹನ್ನೆರಡು ದಾಟಿರುತ್ತದೆ. ಒಂದು ಗಂಟೆಗೆ ಊಟ, ಅದಕ್ಕೂ ಮೊದಲು ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಯಾವುದಕ್ಕಾಗಿ ಇಷ್ಟೆಲ್ಲ ಕೂಡಿತೋ ಆ ಉಪನ್ಯಾಸಕ್ಕೆ ಅರ್ಧ ತಾಸು ಉಳಿದರೆ ಪುಣ್ಯ. ಅಷ್ಟರಲ್ಲೂ ಒಂದು ಚೀಟಿ ಬಂದು ಮೇಜಿನ ಮೇಲೆ ಕೂಡುತ್ತದೆ. ಪ್ರಶ್ನೋತ್ತರವನ್ನು 'ಸಮಯದ ಅಭಾವದಿಂದ' ಕೈಬಿಡುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ.

ಇದನ್ನು ಸಂಜೆ ಆರಕ್ಕೆ ಊರ ನಡುವಿನ ಯಾವುದಾದರೂ ಸಭಾಭವನಕ್ಕೆ ತನ್ನಿ. ಸ್ವಾಗತ, ದಾನಿಗಳ ಸ್ಮರಣೆ, ಉಪನ್ಯಾಸಕರ ಪರಿಚಯ ಮೂರನ್ನೂ ಒಬ್ಬರೇ ಐದು ನಿಮಿಷದಲ್ಲಿ ಮುಗಿಸಬಹುದು. ಮಾತಿಗೆ 45 ನಿಮಿಷ, ಪ್ರಶ್ನೆಗೆ 25. ಏಳೂಕಾಲಕ್ಕೆ ಎದ್ದರೆ ಹುಬ್ಬಳ್ಳಿಯಿಂದ ಬಂದವರು ಆರಾಮಾಗಿ ಚಿಗರಿ ಬಸ್ಸು ಹತ್ತುತ್ತಾರೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಮೇಲು. ಮೈಕು ಕೊಟ್ಟರೆ 'ಒಂದೇ ಒಂದು ಪ್ರಶ್ನೆ' ಎಂದು ಎದ್ದವರು ಇನ್ನೊಂದು ಉಪನ್ಯಾಸ ಮಾಡತಾರ; ಇದು ನಮ್ಮ ಕಡೆಯ ಹಳೇ ಬ್ಯಾನಿ.

ಇನ್ನು ದುಡ್ಡು. 'ದತ್ತಿಯ ಬಡ್ಡಿ ಸಾಲುವುದಿಲ್ಲ' ಎಂಬ ವಿಭಾಗಗಳ ಅಳಲು ಸುಳ್ಳಲ್ಲ. ಬ್ಯಾಂಕಿನಲ್ಲಿ ನೂರಕ್ಕೆ 12 ಬಡ್ಡಿ ಇದ್ದ ಕಾಲಕ್ಕೆ 25,000 ರೂಪಾಯಿ ಠೇವಣಿ ವರ್ಷಕ್ಕೆ 3,000 ಕೊಡುತ್ತಿತ್ತು. ಬಡ್ಡಿ 7ಕ್ಕೆ ಇಳಿದರೆ ಅದೇ ಠೇವಣಿಗೆ ಬರುವುದು 1,750. ಅದರಲ್ಲಿ ವೇದಿಕೆ ಮೇಲಿನ ಐದು ಜನಕ್ಕೆ ಶಾಲು, ಹಾರ, ಫಲ, ನೆನಪಿನ ಕಾಣಿಕೆ ಕೊಂಡರೆ ಉಪನ್ಯಾಸಕರಿಗೆ ಹೋಗಿಬರುವ ಖರ್ಚೂ ಹುಟ್ಟುವುದಿಲ್ಲ. ಹೀಗಾಗಿಯೇ ದೂರದ ವಿದ್ವಾಂಸರನ್ನು ಬಿಟ್ಟು ಪಕ್ಕದ ವಿಭಾಗದವರನ್ನೇ ಕರೆಯುವುದು, ಈ ವರ್ಷ ನಮ್ಮವರು ನಿಮ್ಮಲ್ಲಿ, ಮುಂದಿನ ವರ್ಷ ನಿಮ್ಮವರು ನಮ್ಮಲ್ಲಿ.

ದಾರಿ ಇದೆ. ಒಂದೇ ವಿಷಯದ ನಾಲ್ಕು ದತ್ತಿ, ತಲಾ 25,000, ಕೂಡಿಸಿದರೆ ಒಂದು ಲಕ್ಷ, ವರ್ಷಕ್ಕೆ 7,000. ನಾಲ್ವರು ದಾನಿಗಳ ಹೆಸರೂ ಪತ್ರಿಕೆಯಲ್ಲಿರಲಿ, ಉಪನ್ಯಾಸ ಮಾತ್ರ ಒಂದೇ ಆಗಲಿ, ಗಟ್ಟಿಯಾಗಲಿ. ಬಡ್ಡಿಯ ಐದನೇ ಒಂದು ಪಾಲು, ಅಂದರೆ ಮೊದಲ ವರ್ಷ 1,400 ರೂಪಾಯಿ, ಮೂಲಕ್ಕೆ ಸೇರುತ್ತ ಹೋದರೆ ಹತ್ತು ವರ್ಷಕ್ಕೆ ಆ ಲಕ್ಷ 1,15,000ದ ಹತ್ತಿರ ಬರುತ್ತದೆ. ಬೆಲೆ ಏರಿಕೆಗೆ ಇದು ಪೂರ್ತಿ ಉತ್ತರವಲ್ಲ, ಆದರೂ ಕರಗುವುದು ಮೆಲ್ಲಗಾದೀತು. ಹೊಸ ದತ್ತಿ ಪತ್ರ ಬರೆಯಿಸುವಾಗ ಮೂರು ಮಾತು ಸೇರಿಸಬೇಕು: ಬಡ್ಡಿ ಸಾಲದಾದಾಗ ಇತರ ದತ್ತಿಯೊಡನೆ ಕೂಡಿಸಲು ಒಪ್ಪಿಗೆ, ಒಂದು ವರ್ಷ ಬಿಟ್ಟು ನಡೆಸಲು ಒಪ್ಪಿಗೆ, ಸನ್ಮಾನಕ್ಕೆ ಈ ಹಣ ಬಳಸಬಾರದೆಂಬ ಕರಾರು. ಹಳೆಯ ಪತ್ರಗಳಲ್ಲಿ ಈ ಮಾತಿಲ್ಲದಿದ್ದರೆ ಮೊದಲು ದಾನಿಯನ್ನೋ ಅವರ ಮನೆಯವರನ್ನೋ ಕೇಳಿ ಬರಹದಲ್ಲಿ ಒಪ್ಪಿಗೆ ಪಡೆದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಮುಂದಿಡಬೇಕು. ಕೇಳದೆ ಕೂಡಿಸಿದರೆ ಅದು ನಂಬಿಕೆದ್ರೋಹ.

ಧ್ವನಿಯ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ತುಸು ವಿವರವಾಗಿ. ಮೈಕು ಕೂಗುವುದಕ್ಕೆ ಕಾರಣ ಬಹುಮಟ್ಟಿಗೆ ಒಂದೇ: ಧ್ವನಿಪೆಟ್ಟಿಗೆಗಳನ್ನು ವೇದಿಕೆಯ ಹಿಂಗೋಡೆಗೆ ಇಟ್ಟಿರುತ್ತಾರೆ, ಅವುಗಳಿಂದ ಹೊರಟ ಸದ್ದು ಮತ್ತೆ ಅದೇ ಮೈಕಿಗೆ ಹೋಗಿ ಸುತ್ತುತ್ತದೆ. ಪೆಟ್ಟಿಗೆಗಳು ಮೈಕಿಗಿಂತ ಮುಂದೆ, ಸಭೆಯತ್ತ ಮುಖ ಮಾಡಿರಬೇಕು. ಉಪನ್ಯಾಸಕರು ಮೈಕಿನಿಂದ ನಾಲ್ಕು ಬೆರಳಿಗಿಂತ ದೂರ ಸರಿದಷ್ಟೂ ಅವರು ದನಿ ಏರಿಸುತ್ತಾರೆ, ಮೈಕಿನವರು ಗುಂಡಿ ತಿರುವುತ್ತಾರೆ, ಕೂಗು ಮರುಕಳಿಸುತ್ತದೆ. ಉದ್ದನೆಯ ಸಭಾಂಗಣದಲ್ಲಿ ಹಿಂದಿನವರಿಗೆಂದು ನಡುವೆ ಇನ್ನೊಂದು ಜೋಡಿ ಪೆಟ್ಟಿಗೆ ಇಡುವುದುಂಟು. ಸದ್ದು 17 ಮೀಟರ್ ಸಾಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಎರಡು ಜೋಡಿಗಳ ನಡುವೆ ಅದಕ್ಕಿಂತ ಹೆಚ್ಚು ಅಂತರವಿದ್ದು, ಹಿಂದಿನ ಜೋಡಿಯ ಸದ್ದನ್ನು ಅಷ್ಟು ತಡಮಾಡಿ ಬಿಡದೆ ಹೋದರೆ ಪ್ರತಿ ಶಬ್ದವೂ ಎರಡೆರಡು ಸಲ ಕೇಳಿ, ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಅರ್ಧ ಖಾಲಿ ಸಭಾಂಗಣ ತುಂಬಿದ್ದಕ್ಕಿಂತ ಹೆಚ್ಚು ಮೊಳಗುತ್ತದೆ, ಏಕೆಂದರೆ ಸದ್ದನ್ನು ಹೀರುವುದು ಮನುಷ್ಯರ ಮೈ ಮತ್ತು ಬಟ್ಟೆ. ಜನ ಕಡಿಮೆಯಿದ್ದರೆ ಪರದೆ ಎಳೆದು, ಬಂದವರನ್ನು ಮುಂದಿನ ಸಾಲುಗಳಿಗೆ ಕರೆದು ಕೂಡಿಸುವುದೇ ಅಗ್ಗದ ಮದ್ದು. ಧ್ವನಿಮುದ್ರಣಕ್ಕೆ ಕೊನೆಯ ಸಾಲಿನಲ್ಲಿ ಫೋನು ನಿಲ್ಲಿಸಿದರೆ ಸಿಗುವುದು ಫ್ಯಾನಿನ ಸದ್ದು. ಮಿಕ್ಸರಿನಿಂದ ನೇರವಾಗಿ ಒಂದು ತಂತಿ ಎಳೆದುಕೊಳ್ಳಬೇಕು.

ಪರದೆಯ ಮೇಲಿನ ಚಿತ್ರಗಳದು ಬೇರೆ ಪಾಡು. 'ನುಡಿ' ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಪುಟ, ಆ ವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ರೋಮನ್ ಅಕ್ಷರಗಳ ಜಾತ್ರೆಯಾಗುತ್ತದೆ. ಯೂನಿಕೋಡಿನಲ್ಲಿ ಬರೆದು, ಪಿಡಿಎಫ್ ಮಾಡಿ, ಹಿಂದಿನ ದಿನವೇ ಅದೇ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ತೀರಿತು. ಕನ್ನಡಕ್ಕೆ ಒತ್ತು, ಕೊಂಬು ಎಲ್ಲ ಇರುವುದರಿಂದ ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಒಂದು ಪರದೆಗೆ ಆರು ಸಾಲು ಸಾಕು.

ವಿಷಯವನ್ನೂ ಇಕ್ಕಟ್ಟಾಗಿಸಬೇಕು. 'ಕನ್ನಡ ಸಾಹಿತ್ಯ ಮತ್ತು ಸಂಸ್ಕೃತಿ' ಎಂದರೆ ಯಾರಿಗೂ ಕುತೂಹಲ ಹುಟ್ಟುವುದಿಲ್ಲ. 'ಅತ್ತಿಮಬ್ಬೆಯ ಬಗ್ಗೆ ಲಕ್ಕುಂಡಿಯ 1007ರ ಶಾಸನ ಏನು ಹೇಳುತ್ತದೆ' ಎಂದರೆ ಗದಗಿನವರು ಬಂದೇ ಬರುತ್ತಾರೆ, ಶಾಸನದ ಪಾಠದ ಒಂದು ಪುಟವನ್ನು ಕೈಗೆ ಕೊಟ್ಟರೆ ಬೆರಳಿಟ್ಟು ಓದುತ್ತಾರೆ. 'ಶಿಶುನಾಳ ಶರೀಫರ ಪದಗಳಲ್ಲಿ ಬರುವ ಒಕ್ಕಲುತನದ ಶಬ್ದಗಳು' ಎಂದು ಶಿಗ್ಗಾವಿಯಲ್ಲಿ ಇಟ್ಟರೆ ಉಪನ್ಯಾಸಕರನ್ನೇ ತಿದ್ದುವವರು ಸಿಗುತ್ತಾರೆ. ಈಗಿನ ಆಮಂತ್ರಣ ಪತ್ರಿಕೆಗಳಲ್ಲಿ ಇಪ್ಪತ್ತು ಹೆಸರು ದಪ್ಪಕ್ಷರದಲ್ಲಿದ್ದು, ವಿಷಯವನ್ನು ಭೂತಗನ್ನಡಿ ಹಿಡಿದು ಹುಡುಕಬೇಕು.

ಕೊನೆಗೆ ಪುಸ್ತಿಕೆ. ಕರ್ನಾಟಕ ವಿಶ್ವವಿದ್ಯಾಲಯ ಹಿಂದೆ ವ್ಯಾಸಂಗ ವಿಸ್ತರಣ ಉಪನ್ಯಾಸಗಳನ್ನು ಅಂಗೈಯಗಲದ ಪುಸ್ತಿಕೆಗಳಾಗಿ ಅಗ್ಗದ ಬೆಲೆಗೆ ತಂದಿತ್ತು. ಹಳೇ ಪುಸ್ತಕದ ಅಂಗಡಿಗಳಲ್ಲಿ ಅವನ್ನು ಇಂದಿಗೂ ಹುಡುಕುವವರಿದ್ದಾರೆ. ಲೆಕ್ಕ ಕಠಿಣವಲ್ಲ. ನಿಮಿಷಕ್ಕೆ ನೂರು ಶಬ್ದದಂತೆ 45 ನಿಮಿಷಕ್ಕೆ 4,500 ಶಬ್ದ. ಪುಟಕ್ಕೆ 200 ಎಂದರೆ 23 ಪುಟ, ಶೀರ್ಷಿಕೆ ಪುಟ ಸೇರಿ 24; ಅಂದರೆ ಅಚ್ಚಿನವರ ಲೆಕ್ಕದಲ್ಲಿ 16 ಪುಟದ ಒಂದೂವರೆ ಫಾರ್ಮು. ಉಪನ್ಯಾಸಕರಿಂದ ಬರಹವನ್ನು ಹದಿನೈದು ದಿನ ಮೊದಲೇ ಪಡೆಯಬೇಕು, ಗೌರವಧನದ ಅರ್ಧ ಬರಹ ಕೈಸೇರಿದ ಮೇಲೆ ಕೊಡಬೇಕು. 'ಆಮೇಲೆ ಕಳಿಸತೇನಿ' ಎಂದದ್ದು ಬಂದ ಉದಾಹರಣೆ ಕಡಿಮೆ.

ಇವುಗಳಲ್ಲಿ ದತ್ತಿ ಕೂಡಿಸುವುದೊಂದಕ್ಕೇ ಸಿಂಡಿಕೇಟಿನ ಅಪ್ಪಣೆ ಬೇಕು. ಹೊತ್ತು, ಜಾಗ, ವಿಷಯ, ಮೈಕು ಎಲ್ಲವೂ ವಿಭಾಗದ ಮುಖ್ಯಸ್ಥರ ಕೈಯಲ್ಲೇ ಇವೆ. ಮುಂದಿನ ಮಾರ್ಚಿನವರೆಗೆ ಕಾಯದೆ ತರಗತಿ ಶುರುವಾಗುತ್ತಲೇ ವರ್ಷದ ಎಲ್ಲ ದತ್ತಿಗಳ ತಾರೀಖು ಗೊತ್ತುಮಾಡಿ, ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಗ್ರಂಥಾಲಯ, ಬಸ್ ನಿಲ್ದಾಣಗಳಲ್ಲಿ ಅಂಟಿಸಲಿ.

— ಒಬ್ಬ ಕೇಳುಗ, ಧಾರವಾಡ